ಹಿಂಜರಿತದ ಬಿಸಿ ಯಾರ ಮನೆಗೆ?

ಅಮೆರಿಕದಲ್ಲಿ ಒಂದು ಬ್ಯಾಂಕ್ ಮುಳುಗಿದರೆ ನಮ್ಮ ಮನೆಯ ಅಕ್ಕಿ ಡಬ್ಬಿಗೇನು ಸಂಬಂಧ? ಪತ್ರಿಕೆಯಲ್ಲಿ ‘ಜಾಗತಿಕ ಆರ್ಥಿಕ ಹಿಂಜರಿತ’ ಎಂಬ ಶೀರ್ಷಿಕೆ ಕಂಡಾಗ ನಮ್ಮಲ್ಲಿ ಅನೇಕ ಸಹೋದರಿಯರು ಆ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ. ಅದು ಗಂಡಸರ, ಅದರಲ್ಲೂ ವ್ಯಾಪಾರಿಗಳ ವಿಷಯ ಎಂಬ ಭಾವನೆ ಅವರದು. ವಾಸ್ತವದಲ್ಲಿ ಹಿಂಜರಿತ ಬಂದಾಗ ಮೊದಲು ಕೈ ಬಿಗಿ ಹಿಡಿಯಬೇಕಾದವಳು ಮನೆ ನಡೆಸುವ ಹೆಣ್ಣು. 2008ರಲ್ಲಿ ನಮ್ಮ ದೇಶ ಇಂತಹ ಒಂದು ಏಟು ತಿಂದು ಹೇಗೆ ಎದ್ದು ನಿಂತಿತು ಎಂಬುದನ್ನು ನೋಡಿದರೆ ಈ ಮಾತು ಅರ್ಥವಾಗುತ್ತದೆ.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೆಹ್ಮನ್ ಬ್ರದರ್ಸ್ ಎಂಬ 158 ವರ್ಷ ಹಳೆಯ ಹಣಕಾಸು ಸಂಸ್ಥೆ ದಿವಾಳಿಯಾಯಿತು. ತೀರಿಸುವ ಶಕ್ತಿಯಿಲ್ಲದವರಿಗೂ ಅಲ್ಲಿ ಮನೆ ಸಾಲ ಕೊಡಲಾಗಿತ್ತು. ಆ ಸಾಲಪತ್ರಗಳನ್ನೇ ಸರಕು ಮಾಡಿಕೊಂಡು ಒಬ್ಬರು ಇನ್ನೊಬ್ಬರಿಗೆ ಮಾರುತ್ತಾ ಹೋಗಿದ್ದರು. ಮನೆಗಳ ಬೆಲೆ ಇಳಿಯುತ್ತಲೇ ಇಡೀ ವ್ಯವಹಾರ ಕುಸಿಯಿತು. ನಮ್ಮ ಬ್ಯಾಂಕುಗಳು ಅಂತಹ ಪತ್ರಗಳನ್ನು ಹೆಚ್ಚಾಗಿ ಕೊಂಡಿರಲಿಲ್ಲ. ಆದ್ದರಿಂದ ನಮಗೇನೂ ಆಗದು ಎಂದು ಮೊದಲು ಅನೇಕರು ಭಾವಿಸಿದ್ದರು. ಆದರೆ ಸಂಕಟ ಬೇರೆ ಬಾಗಿಲುಗಳಿಂದ ಒಳಗೆ ಬಂತು.

ಮೊದಲ ಬಾಗಿಲು ಷೇರು ಪೇಟೆ. ವಿದೇಶಿ ಹೂಡಿಕೆದಾರರು ತಮ್ಮ ಹಣವನ್ನು ಹಿಂದಕ್ಕೆ ಎಳೆದುಕೊಂಡರು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಮುಂಬೈ ಷೇರು ಸೂಚ್ಯಂಕ ಅಕ್ಟೋಬರ್ ಕೊನೆಯ ಹೊತ್ತಿಗೆ 9 ಸಾವಿರಕ್ಕಿಂತ ಕೆಳಗಿಳಿಯಿತು. ವರ್ಷದ ಆರಂಭದಲ್ಲಿ 40 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಬೆಲೆ 50 ದಾಟಿತು.

ಎರಡನೆಯದು ರಫ್ತು. 2008ರ ಅಕ್ಟೋಬರ್‌ನಿಂದ ಸುಮಾರು ಒಂದು ವರ್ಷ ಕಾಲ ನಮ್ಮ ರಫ್ತು ಹಿಂದಿನ ವರ್ಷಕ್ಕಿಂತ ಕಡಿಮೆಯೇ ಆಗುತ್ತಿತ್ತು. ಗುಜರಾತಿನ ಸೂರತ್‌ನಲ್ಲಿ ಹೊಳಪು ಕೊಡುವ ವಜ್ರಗಳಿಗೆ ಅಮೆರಿಕವೇ ದೊಡ್ಡ ಗಿರಾಕಿ. ಆ ವರ್ಷ ದೀಪಾವಳಿ ರಜೆಗೆ ಮುಚ್ಚಿದ ಅನೇಕ ಸಣ್ಣ ಘಟಕಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಕಾರ್ಮಿಕರು ಹೆಂಡತಿ ಮಕ್ಕಳೊಂದಿಗೆ ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಮರಳಿದರು. ನಮ್ಮ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳೂ ವಿದೇಶಿ ಗಿರಾಕಿಗಳನ್ನೇ ನಂಬಿಕೊಂಡಿವೆ. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಬಹುಪಾಲು ಹೆಣ್ಣುಮಕ್ಕಳು.

ಮೂರನೆಯದು ಕೊಲ್ಲಿ. 2008ರ ಜುಲೈಯಲ್ಲಿ ಬ್ಯಾರಲ್‌ಗೆ 147 ಡಾಲರ್ ತಲುಪಿದ್ದ ಕಚ್ಚಾ ತೈಲದ ಬೆಲೆ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗೆ ಬಿತ್ತು. ದುಬೈಯಲ್ಲಿ ಕಟ್ಟಡಗಳ ಕೆಲಸ ಅರ್ಧಕ್ಕೆ ನಿಂತಿತು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಪ್ರತಿ ಫೋನ್ ಕರೆಗೂ ಎದೆ ನಡುಗುವ ದಿನಗಳವು. ಆದರೂ ದೇಶದ ಒಟ್ಟು ಲೆಕ್ಕದಲ್ಲಿ ವಿದೇಶದಿಂದ ಬರುವ ಹಣ ಹೆಚ್ಚು ಇಳಿಯಲಿಲ್ಲ. ವಿಶ್ವ ಬ್ಯಾಂಕಿನ ಲೆಕ್ಕದಂತೆ 2008ರಲ್ಲೂ 2009ರಲ್ಲೂ ಅದು 5,000 ಕೋಟಿ ಡಾಲರ್‌ನ ಆಸುಪಾಸಿನಲ್ಲೇ ಇತ್ತು. ಕೆಲಸ ಉಳಿಸಿಕೊಂಡವರು ಮನೆಗೆ ಕಳುಹಿಸುವುದನ್ನು ನಿಲ್ಲಿಸಲಿಲ್ಲ.

ಹಾಗಾದರೆ ದೇಶ ನಿಭಾಯಿಸಿದ್ದು ಹೇಗೆ? ಹೊರಗಿನ ಗಿರಾಕಿ ಬರದಿದ್ದಾಗ ಊರೊಳಗಿನ ಗಿರಾಕಿಯಿಂದಲಾದರೂ ಅಂಗಡಿ ನಡೆಯಬೇಕು. ಅದಕ್ಕೆ ಊರಿನವರ ಕೈಯಲ್ಲಿ ಹಣವಿರಬೇಕು. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು ಶೇ. 9ರಿಂದ 2009ರ ಏಪ್ರಿಲ್ ವೇಳೆಗೆ ಶೇ. 4.75ಕ್ಕೆ ಇಳಿಸಿತು. ಸರಕಾರ 2008ರ ಡಿಸೆಂಬರ್‌ನಲ್ಲಿ ಅಬಕಾರಿ ಸುಂಕ ಕಡಿತಗೊಳಿಸಿತು. ಆರನೇ ವೇತನ ಆಯೋಗದ ಬಾಕಿ ನೌಕರರ ಕೈಸೇರಿತು. ಆ ವರ್ಷದ ಬಜೆಟ್‌ನಲ್ಲಿ ರೈತರ ಸಾಲಮನ್ನಾ ಮೊದಲೇ ಘೋಷಣೆಯಾಗಿತ್ತು.

ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು ಉದ್ಯೋಗ ಖಾತರಿ ಯೋಜನೆ. 2006ರಲ್ಲಿ 200 ಜಿಲ್ಲೆಗಳಲ್ಲಿ ಆರಂಭವಾದ ಇದು 2008ರ ಏಪ್ರಿಲ್‌ನಲ್ಲಿ, ಅಂದರೆ ಬಿರುಗಾಳಿಗೆ ಐದು ತಿಂಗಳು ಮುಂಚೆ, ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೆ ವಿಸ್ತರಿಸಿತ್ತು. 2008-09ರಲ್ಲಿ ಸುಮಾರು 4.5 ಕೋಟಿ ಕುಟುಂಬಗಳಿಗೆ ಇದರಿಂದ ಕೆಲಸ ಸಿಕ್ಕಿತು. ಆ ಕೆಲಸದ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರದು. ಅವರ ಕೂಲಿ ಹಳ್ಳಿಯ ಕಿರಾಣಿ ಅಂಗಡಿಗೆ ಹೋಯಿತು, ಅಲ್ಲಿಂದ ಸಾಬೂನು, ಬಿಸ್ಕತ್ತು, ಬಟ್ಟೆಯ ಕಾರ್ಖಾನೆಗಳಿಗೆ ತಲುಪಿತು. ಹಿಂದಿನ ವರ್ಷ ಶೇ. 9ರ ಮೇಲಿದ್ದ ಬೆಳವಣಿಗೆ ಆಗಿನ ಲೆಕ್ಕದ ಪ್ರಕಾರ 2008-09ರಲ್ಲಿ ಶೇ. 6.7ಕ್ಕೆ ಇಳಿದರೂ ಮರುವರ್ಷ ಮತ್ತೆ ಶೇ. 8ರ ಮೇಲೇರಿತು. ಶ್ರೀಮಂತ ರಾಷ್ಟ್ರಗಳು ಇನ್ನೂ ತೆವಳುತ್ತಿದ್ದಾಗ ನಾವು ನಡೆಯತೊಡಗಿದ್ದೆವು.

ಇಲ್ಲಿಗೆ ಕಥೆ ಮುಗಿದರೆ ಚೆನ್ನಾಗಿತ್ತು. ಆದರೆ ಎರಡು ಮಾತು ಉಳಿದಿದೆ.

ಒಂದು, ಲೆಕ್ಕಕ್ಕೆ ಸಿಗದವರ ವಿಷಯ. 2008ರ ಕೊನೆಯ ಮೂರು ತಿಂಗಳಲ್ಲಿ ಸುಮಾರು 5 ಲಕ್ಷ ಉದ್ಯೋಗ ಹೋಯಿತೆಂದು ಕೇಂದ್ರದ ಕಾರ್ಮಿಕ ಇಲಾಖೆಯ ಸಮೀಕ್ಷೆ ಹೇಳಿತು. ಅದು ಆಯ್ದ ಕೆಲವು ಉದ್ಯಮಗಳ ಲೆಕ್ಕ ಮಾತ್ರ. ಮನೆಯಲ್ಲೇ ಕುಳಿತು ಜರಿ ಕೆಲಸ ಮಾಡುವವಳು, ಬೀಡಿ ಕಟ್ಟುವವಳು, ಗುಂಡಿ ಹೊಲಿದು ಕೊಡುವವಳು, ಗುಜರಿ ಆಯ್ದು ಮಾರುವವಳು ಅದರಲ್ಲಿಲ್ಲ. ಅವಳನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. “ಈ ವಾರ ಮಾಲು ಬಂದಿಲ್ಲ, ಮುಂದಿನ ವಾರ ಬಾ” ಎನ್ನುತ್ತಾರೆ, ಅಷ್ಟೇ. ಪಟ್ಟಣದಲ್ಲಿದ್ದರೆ ಅವಳಿಗೆ ಉದ್ಯೋಗ ಖಾತರಿಯೂ ಇಲ್ಲ.

ಎರಡು, ಖರ್ಚಿನ ಬಿಲ್ಲು. ಸರಕಾರದ ವಿತ್ತೀಯ ಕೊರತೆ 2007-08ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 2.5ರಷ್ಟಿದ್ದದ್ದು ಮರುವರ್ಷವೇ ಶೇ. 6ಕ್ಕೆ ಏರಿತು. ಒಳ್ಳೆಯ ದಿನಗಳಲ್ಲಿ ಸಾಲದ ಹೊರೆ ಇಳಿಸಿಕೊಂಡಿದ್ದರಿಂದಲೇ ಕೆಟ್ಟ ದಿನಗಳಲ್ಲಿ ಸಾಲ ಎತ್ತಲು ಸಾಧ್ಯವಾಯಿತು ಎಂಬುದು ನಿಜ. ಆದರೆ 2009ರಲ್ಲಿ ಮಳೆ ಕೈಕೊಟ್ಟು, 1972ರ ನಂತರದ ಅತಿ ಕೆಟ್ಟ ಮುಂಗಾರು ಎನಿಸಿತು. ಕೈಗೆ ಬಂದ ಹಣ ಹೆಚ್ಚು, ಬೆಳೆದ ಧಾನ್ಯ ಕಡಿಮೆ. ಆ ಡಿಸೆಂಬರ್‌ನಲ್ಲಿ ಆಹಾರ ಪದಾರ್ಥಗಳ ಬೆಲೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 20ರಷ್ಟು ಏರಿತ್ತು. ಷೇರು ಪೇಟೆ ಚೇತರಿಸಿಕೊಂಡ ಹೊತ್ತಿಗೆ ಬೇಳೆ, ಸಕ್ಕರೆ ಅಡುಗೆ ಮನೆಯಲ್ಲಿ ಅಳೆದು ಹಾಕುವ ವಸ್ತುಗಳಾಗಿದ್ದವು.

2020ರಲ್ಲಿ ಕೊರೋನಾ ಬಂದಾಗಲೂ ಇದೇ ಪಾಠ. ಜನಧನ್ ಖಾತೆಯಿದ್ದ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ ಬಂತು, ಖಾತೆಯಿಲ್ಲದವಳಿಗೆ ಬರಲಿಲ್ಲ. 2020-21ರಲ್ಲಿ ಉದ್ಯೋಗ ಖಾತರಿಯ ಕೆಲಸ 380 ಕೋಟಿ ಮಾನವ ದಿನಗಳನ್ನು ದಾಟಿತು. ನಗರದಿಂದ ಬರಿಗೈಯಲ್ಲಿ ಮರಳಿದವರಿಗೆ ಅದೇ ಆಸರೆಯಾಯಿತು. ಬಾವಿ ಮೊದಲೇ ತೋಡಿದ್ದರಿಂದ ಬಾಯಾರಿದಾಗ ನೀರು ಸಿಕ್ಕಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. 100 ದಿನಗಳ ಬದಲು 125 ದಿನ ಎಂದಿದೆ. ದಿನಗಳ ಸಂಖ್ಯೆ ನೋಡಿ ಸುಮ್ಮನಾಗಬಾರದು. ಮುಂದಿನ ಬಾರಿ ಸಂಕಟ ಬಂದು ಒಮ್ಮೆಲೇ ಲಕ್ಷಾಂತರ ಮಂದಿ ಕೆಲಸ ಕೇಳಿದರೆ ಅಷ್ಟೂ ಮಂದಿಗೆ ಕೊಡುವಷ್ಟು ಹಣ ಒದಗುತ್ತದೆಯೇ ಎಂದು ಕೇಳಬೇಕಾದವರು ನಾವು.

ಸಹೋದರಿಯರೇ, ಜಗತ್ತಿನ ಹಿಂಜರಿತವನ್ನು ನಾವು ತಡೆಯಲಾರೆವು. ಆದರೆ ನಮ್ಮ ಓಣಿಯಲ್ಲಿ ಯಾರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ ಎಂಬುದು ಸರಕಾರಕ್ಕಿಂತ ಮೊದಲು ನಮಗೆ ಗೊತ್ತಿರುತ್ತದೆ. ಪಕ್ಕದ ಮನೆಯ ವಿಧವೆಗೆ ಪಡಿತರ ಚೀಟಿ ಇದೆಯೇ? ಬೀಡಿ ಕಟ್ಟುವ ಅಕ್ಕನ ಬಳಿ ಕಾರ್ಮಿಕರ ಗುರುತು ಚೀಟಿ ಇದೆಯೇ? ಕೆಲಸದವಳ ಬ್ಯಾಂಕ್ ಖಾತೆ ಇನ್ನೂ ಚಾಲ್ತಿಯಲ್ಲಿದೆಯೇ? ಇವನ್ನು ವಿಚಾರಿಸಿ ಸರಿಪಡಿಸಲು ಸಂಕಟ ಬರುವ ತನಕ ಕಾಯಬೇಕಾಗಿಲ್ಲ. ಬಂದ ಮೇಲೆ ಕಚೇರಿಯ ಸಾಲು ಉದ್ದವಾಗಿರುತ್ತದೆ.