ಮೊಲೆ ಹಿಡಿಯದ ಕೂಸು

ಎಂಟನೆಯ ತಿಂಗಳಿಗೇ ಹುಟ್ಟಿದ ಕೂಸು ಮೊಲೆ ಹಿಡಿಯದಿದ್ದರೆ ಕರ್ಜಗಿಯ ಓಣಿಯಲ್ಲಿ ಎರಡು ಮಾತು ಏಳುತ್ತವೆ: ತಾಯಿಗೆ ಹಾಲಿಲ್ಲ, ಇಲ್ಲವೆ ಕೂಸಿಗೆ ದೃಷ್ಟಿಯಾಗಿದೆ. ದುಡಿಯುವ ಹೆಣ್ಣಿನ ತಲೆಗೆ ಇನ್ನೊಂದು ಅಪವಾದ ಕಟ್ಟುವ ಮೊದಲು ಸಂಗತಿಯೇನೆಂದು ನಮ್ಮ ಓದುಗರು ತಿಳಿದಿರಬೇಕು.

37 ವಾರ ತುಂಬಿ ಹುಟ್ಟಿದ ಕೂಸಿಗೆ ಯಾರೂ ಕಲಿಸದೆ ಕೆಲವು ಪ್ರತಿಕ್ರಿಯೆಗಳು ಬಂದಿರುತ್ತವೆ. ಗಲ್ಲ ಮುಟ್ಟಿದರೆ ಆ ಕಡೆಗೆ ಬಾಯಿ ತಿರುಗಿಸುತ್ತದೆ. ಅಂಗೈಯಲ್ಲಿ ಬೆರಳಿಟ್ಟರೆ ಬಿಗಿಹಿಡಿಯುತ್ತದೆ. ತಲೆ ತುಸು ಹಿಂದಕ್ಕೆ ಜಾರಿದರೆ ತೋಳೆರಡನ್ನೂ ಚಾಚಿ, ಅಪ್ಪಿಕೊಳ್ಳುವಂತೆ ಎದೆಗೆ ತರುತ್ತದೆ. ಇದನ್ನು 1918ರಲ್ಲಿ ವಿವರಿಸಿದ ವೈದ್ಯ ಅರ್ನ್ಸ್ಟ್ ಮೊರೊ ಅವರ ಹೆಸರು ಇದಕ್ಕೆ ನಿಂತಿದೆ. ಸದ್ದಾದಾಗ ಕೂಸು ಬೆಚ್ಚುವುದೂ ಇಂಥದೇ; ದೃಷ್ಟಿಯಲ್ಲ. ಒಂದೇ ತೋಳು ಆಡಿ ಇನ್ನೊಂದು ಸುಮ್ಮನಿದ್ದರೆ ಹೆರಿಗೆಯಲ್ಲಿ ಕೊರಳೆಲುಬಿಗೋ ನರಕ್ಕೋ ಪೆಟ್ಟಾಗಿರಬಹುದು. ಅದನ್ನು ವೈದ್ಯರು ನೋಡಲಿ. ಮನೆಯಲ್ಲಿ ಕೂಸಿನ ತಲೆ ಜಾರಿಸಿ ಪರೀಕ್ಷಿಸುವ ಸಾಹಸ ಬೇಡ.

ದಿನ ತುಂಬದ ಕೂಸು ತೋಳು ಚಾಚೀತು, ಅಪ್ಪುಗೆ ಅರ್ಧಕ್ಕೇ ನಿಲ್ಲುತ್ತದೆ. ಚೀಪುವುದು 28 ವಾರದ ಸುಮಾರಿಗೆ ಕಂಡರೂ, ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದಕ್ಕೊಂದು ಹೊಂದುವುದು 32ರಿಂದ 34 ವಾರಗಳಲ್ಲಿ. ಹಾಲಿಲ್ಲವೆಂದಲ್ಲ, ಕೂಸಿಗೆ ಇನ್ನೂ ಬರುವುದಿಲ್ಲ. ಅಲ್ಲಿಯತನಕ ತಾಯಿಯ ಹಾಲನ್ನೇ ಹಿಂಡಿ, ವೈದ್ಯರು ಹೇಳಿದಂತೆ ನಳಿಕೆಯಿಂದಲೋ ಒಳಲೆಯಿಂದಲೋ ಕೊಡಬೇಕು. ಜೇನು, ಸಕ್ಕರೆ ನೀರು, ಔಡಲೆಣ್ಣೆ ಬೇಡವೇ ಬೇಡ. ಚೆನ್ನಾಗಿ ಚೀಪುತ್ತಿದ್ದ ಕೂಸು ಒಮ್ಮೆಲೆ ಬಿಟ್ಟರೆ ಮಾತ್ರ ಅದು ನಂಜೇರಿದ ಗುರುತಿರಬಹುದು. ಆ ಗಳಿಗೆಯೇ ದವಾಖಾನೆಗೆ ಒಯ್ಯಬೇಕು.

ಬೇನೆಬಿದ್ದ ಹಸುಗೂಸಿಗೆ ಸರಕಾರಿ ದವಾಖಾನೆಯಲ್ಲಿ ಚಿಕಿತ್ಸೆಯೂ ಹೋಗಿಬರುವ ವಾಹನವೂ ಪುಕ್ಕಟೆಯೆಂದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಅದು ಯಾರ ಧರ್ಮವೂ ಅಲ್ಲ, ಹಕ್ಕು, ಕೇಳಿ ಪಡೆಯಿರಿ. ದವಾಖಾನೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಈ ಆರೂ ಭೇಟಿಗೆ ಅಂದು ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ! ಕೂಸಿನ ಜೀವ ಕಾಯುವವಳ ಕೂಲಿಗೆ ಸರಕಾರ ಕಟ್ಟಿದ ಬೆಲೆ ಇದು.

ಹೆರಿಗೆ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ದಿನಗೂಲಿ ಹೆಂಗಸಿಗೆ ಅದು ಕಾಗದದ ಮೇಲಿನ ರಜೆ. ದಿನ ತುಂಬದ ಕೂಸನ್ನು ಎದೆಗವಚಿ ಬೆಚ್ಚಗಿಡಿರೆಂದು ದವಾಖಾನೆಯವರು ಸರಿಯಾಗಿಯೇ ಹೇಳುತ್ತಾರೆ. ಅವಚಿಕೊಂಡು ಕುಳಿತ ದಿನಗಳ ಕೂಲಿಯನ್ನು ಯಾರು ಕೊಡುತ್ತಾರೆ? ಅಂಗಡಿ ನಡೆಸುವ ನಮ್ಮ ಓದುಗರಿಗೂ ಈ ಪ್ರಶ್ನೆ ಸೇರಿದೆ. ಸರಕಾರ ಮೊದಲು ಉತ್ತರಿಸಲಿ.