‘ಪೆಟ್ರೋಲಿಗೆ ರೊಕ್ಕ ಇಲ್ಲೇನು?’ ಅಂತ ಕೇಳುವವರಿಗೆ

ಬೆಳಿಗ್ಗೆ ಸೈಕಲ್ ಹತ್ತಿ ಬಸ್ ಸ್ಟ್ಯಾಂಡ್ ದಾಟುವಾಗ ಚಹಾದಂಗಡಿ ಮುಂದೆ ಕೂತವರು ನಮ್ಮನ್ನು ದಿನಾ ಕೇಳುವ ಪ್ರಶ್ನೆ ಇದು: “ಏನ್ರಪಾ, ಪೆಟ್ರೋಲಿಗೆ ರೊಕ್ಕ ಇಲ್ಲೇನು?” ಮೊದಲ ವಾರ ನಕ್ಕು ಮುಂದೆ ಹೋದೆವು. ಎರಡನೇ ವಾರ ಸಿಟ್ಟು ಬಂತು. ಈಗ ಬರೆದೇ ಉತ್ತರ ಕೊಡೋಣ ಅನ್ನಿಸಿದೆ. ಕೇಳುವವರ ಕೈಯಲ್ಲೂ ಫೋನ್ ಇದೆ, ಓದಲಿ.

ಇದೆಲ್ಲ ಶುರುವಾದದ್ದು ಫೋನಿನಲ್ಲೇ. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಸಂಜೆ. ಕ್ರಿಕೆಟ್ ಇರಲಿಲ್ಲ. ಬೇರೇನೋ ಹುಡುಕುತ್ತ ನಾವು ನಾಲ್ವರು ಟೂರ್ ಡಿ ಫ್ರಾನ್ಸ್ ಎಂಬ ಸೈಕಲ್ ರೇಸಿಗೆ ಬಂದು ಸಿಕ್ಕಿಕೊಂಡೆವು. ಅರ್ಧ ಗಂಟೆ ಏನೂ ತಿಳಿಯಲಿಲ್ಲ. ನೂರೈವತ್ತಕ್ಕೂ ಹೆಚ್ಚು ಜನ ಒಂದೇ ಗುಂಪಾಗಿ ಹೋಗುತ್ತಿದ್ದಾರೆ, ಯಾರಿಗೂ ಯಾರನ್ನೂ ಹಿಂದೆ ಹಾಕುವ ಅವಸರ ಇದ್ದಂತಿಲ್ಲ. ಇದೆಂಥ ರೇಸು? ಆದರೂ ಕಣ್ಣು ಕೀಳಲಾಗಲಿಲ್ಲ. ಯಾಕಂದರೆ ಹೆಲಿಕಾಪ್ಟರಿನ ಕ್ಯಾಮೆರಾ ತೋರಿಸುತ್ತಿದ್ದುದು ಸ್ಟೇಡಿಯಂ ಅಲ್ಲ, ಹೊಲ. ಗೋಧಿ, ಸೂರ್ಯಕಾಂತಿ, ಮೇಯುವ ದನ, ಸಣ್ಣ ಸಣ್ಣ ಊರು.

ಆ ಊರಿನ ರೈತರು ಹುಲ್ಲಿನ ಪೆಂಡಿ ಜೋಡಿಸಿ ಹೊಲದ ತುಂಬ ದೊಡ್ಡ ಸೈಕಲ್ಲಿನ ಚಿತ್ರ ಮಾಡಿರುತ್ತಾರೆ. ಚಕ್ರದ ಜಾಗದಲ್ಲಿ ಟ್ರ್ಯಾಕ್ಟರುಗಳು ದುಂಡಗೆ ಸುತ್ತುತ್ತಿರುತ್ತವೆ, ಮೇಲಿಂದ ನೋಡಿದರೆ ಸೈಕಲ್ ಓಡುತ್ತಿದೆ ಅನ್ನಿಸಬೇಕು. ಹೆಲಿಕಾಪ್ಟರಿಗೆ ಕಾಣಲಿ ಅಂತಲೇ ಈ ಕೆಲಸ. ರಸ್ತೆ ಬದಿ ಅಜ್ಜ, ಅಜ್ಜಿ, ಮಕ್ಕಳು ಕುರ್ಚಿ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಕೂತಿರುತ್ತಾರೆ. ಅರ್ಧ ದಿನ ಕಾದರೆ ಆಟಗಾರರು ಕಣ್ಣ ಮುಂದೆ ಹಾದುಹೋಗುವುದು ಅರ್ಧ ನಿಮಿಷ. ಟಿಕೆಟ್ ಇಲ್ಲ, ಗೇಟ್ ಇಲ್ಲ. ತೇರು ಊರ ಬಾಗಿಲಿಗೇ ಬಂದಂತೆ.

ನಮಗೆ ಆಗಲೇ ಹೊಳೆದದ್ದು, ಇದು ಹಳ್ಳಿಯ ಆಟ. ಪೇಟೆಯವರ ಹವ್ಯಾಸ, ದುಡ್ಡಿದ್ದವರ ಶೋಕಿ ಅಂತ ನಮ್ಮ ಕಡೆ ಅಂದುಕೊಂಡಿರುವುದು ತಪ್ಪು.

ಇತಿಹಾಸ ನೋಡಿದರೂ ಹಾಗೇ ಕಾಣುತ್ತದೆ. 1903ರಲ್ಲಿ ಈ ಓಟ ಶುರು ಮಾಡಿದ್ದು ಲೋಟೋ ಎಂಬ ಪತ್ರಿಕೆ, ಪ್ರತಿಸ್ಪರ್ಧಿ ಪತ್ರಿಕೆಯನ್ನು ಹಿಂದೆ ಹಾಕಿ ತನ್ನ ಮಾರಾಟ ಹೆಚ್ಚಿಸಿಕೊಳ್ಳಲು. (ಪತ್ರಿಕೋದ್ಯಮ ಓದಿದ ನಮಗೆ ಯಾವ ಮೇಷ್ಟ್ರೂ ಇದನ್ನು ಹೇಳಲಿಲ್ಲ ಅನ್ನುವುದು ನಮ್ಮ ಸಣ್ಣ ತಕರಾರು.) ಮೊದಲ ವರ್ಷ ಗೆದ್ದ ಮೊರಿಸ್ ಗರಾಂ ಚಿಕ್ಕವನಿದ್ದಾಗ ಮನೆಗಳ ಹೊಗೆಗೂಡು ಗುಡಿಸುತ್ತಿದ್ದವನು. ಐದು ಸಲ ಗೆದ್ದ ಬರ್ನಾರ್ ಇನೋ ಹಳ್ಳಿಯವನು. ರೇಮಂ ಪುಲಿಡೋರ್ ಪಾಲಿಗೆ ಹೊಲ ಮಾಡುತ್ತಿದ್ದವರ ಮಗ. ಎಂಟು ಸಲ ಮೊದಲ ಮೂವರಲ್ಲಿ ಬಂದರೂ ಮುಂದಿರುವವನು ತೊಡುವ ಹಳದಿ ಅಂಗಿ ಒಂದು ದಿನವೂ ಅವನ ಮೈಗೇರಲಿಲ್ಲ. ಆದರೂ ಫ್ರಾನ್ಸಿನ ಜನ ಗೆದ್ದವರಿಗಿಂತ ಅವನನ್ನೇ ಹೆಚ್ಚು ಹಚ್ಚಿಕೊಂಡರು. 2021ರಲ್ಲಿ ಅವನ ಮೊಮ್ಮಗ ಮಾಥ್ಯೂ ವಾನ್ ಡರ್ ಪೂಲ್ ಆ ಅಂಗಿ ತೊಟ್ಟಾಗ ಅಜ್ಜ ತೀರಿಹೋಗಿ ಒಂದೂವರೆ ವರ್ಷವಾಗಿತ್ತು.

ಈಗಿನವರನ್ನೇ ತೆಗೆದುಕೊಳ್ಳಿ. 2022 ಮತ್ತು 2023ರಲ್ಲಿ ಗೆದ್ದ ಡೆನ್ಮಾರ್ಕಿನ ಯೋನಸ್ ವಿಂಗಗೋರ್ ಮೊದಲು ಮೀನಿನ ಕಾರ್ಖಾನೆಯಲ್ಲಿ ಬೆಳಿಗ್ಗೆ ಕೆಲಸ ಮುಗಿಸಿ ಆಮೇಲೆ ಸೈಕಲ್ ಹತ್ತುತ್ತಿದ್ದ. ಕೊಲಂಬಿಯಾದ ನೈರೋ ಕಿಂಟಾನಾ ರೈತರ ಮಗ, ಮನೆಯವರದು ತರಕಾರಿ ವ್ಯಾಪಾರ. ಬೆಟ್ಟದ ದಾರಿಯಲ್ಲಿ ಹಳೇ ಸೈಕಲ್ ತುಳಿದು ದೂರದ ಶಾಲೆಗೆ ಹೋಗಿ ಬರುತ್ತಿದ್ದ ಹುಡುಗ, 2014ರಲ್ಲಿ ಇಟಲಿಯ ಜಿರೋ ಗೆದ್ದ. ಎರಿಟ್ರಿಯಾದ ಬಿನಿಯಂ ಗಿರ್ಮಾಯ್ 2024ರಲ್ಲಿ ಟೂರ್‌ನ ಒಂದು ದಿನದ ಓಟ ಗೆದ್ದ ಮೊದಲ ಕಪ್ಪು ಆಫ್ರಿಕನ್ ಆದ. ಅದೊಂದೇ ವರ್ಷ ಅಂಥ ಮೂರು ಓಟ ಗೆದ್ದು, ಪಾಯಿಂಟುಗಳಿಗೆ ಕೊಡುವ ಹಸಿರು ಅಂಗಿಯನ್ನೂ ಒಯ್ದ. ಭಾರತದಿಂದ ಈ ಓಟಕ್ಕೆ ಇನ್ನೂ ಒಬ್ಬರೂ ಇಳಿದಿಲ್ಲ.

ಕಾಲಿನಲ್ಲಿ ಬಲ ಇಲ್ಲದೆ ಅಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿ ಮಕ್ಕಳು ಬಹಳ ವರ್ಷಗಳಿಂದ ರಾಷ್ಟ್ರ ಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕ ತರುತ್ತಿದ್ದಾರೆ. ವಿಜಯಪುರದಲ್ಲಿ ಸೈಕ್ಲಿಂಗಿಗೆ ಕ್ರೀಡಾನಿಲಯವೂ ಇದೆ. ಇದು ಬೆಂಗಳೂರಿನವರಿಗೆ ಬಿಡಿ, ಪಕ್ಕದ ತಾಲೂಕಿನವರಿಗೇ ಗೊತ್ತಿಲ್ಲ.

ಇಷ್ಟೆಲ್ಲ ನೋಡಿ, ಓದಿ, ಎರಡು ಜುಲೈ ಕಳೆದ ಮೇಲೆ ನಮಗೆ ನಾಚಿಕೆಯಾಯಿತು. ರಾತ್ರಿ ಒಂಬತ್ತರವರೆಗೆ ಬೇರೆಯವರು ಬೆಟ್ಟ ಹತ್ತುವುದನ್ನು ಮಲಗಿ ನೋಡುವ ನಾವು ಅಂಗಡಿಗೆ ಕೊತ್ತಂಬರಿ ತರಲೂ ಬೈಕ್ ಒದೆಯುತ್ತಿದ್ದೆವು. ಒಬ್ಬನ ಮನೆಯ ಅಟ್ಟದ ಮೇಲೆ ಅಪ್ಪನ ಕರಿ ಸೈಕಲ್ ಇತ್ತು. ಇನ್ನೊಬ್ಬನ ಮನೆಯಲ್ಲಿ ತಂಗಿಗೆ ಶಾಲೆಯಿಂದ ಬಂದ ಸೈಕಲ್. ಇನ್ನೆರಡನ್ನು ಸಂತೆ ದಿನ ಹಳೇ ಸಾಮಾನಿನವನಿಂದ ತಂದೆವು. ಟೂರ್ ಆಟಗಾರರ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು ಅಂತ ನಿಯಮ ಇದೆ. ನಮ್ಮ ಸೈಕಲ್ಲಿಗೆ ಆ ನಿಯಮದ ಭಯವೇ ಇಲ್ಲ, ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡ್ ಸೇರಿ ಇಪ್ಪತ್ತು ಕಿಲೋ ಹತ್ತಿರ ತೂಗುತ್ತವೆ.

ಮೊದಲ ದಿನ ಎಂಟು ಕಿ.ಮೀ. ಹೋಗಿ ಬರುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡವು. ವಯಸ್ಸಾಯಿತೇನೋ ಅಂದುಕೊಂಡೆವು. ಸೈಕಲ್ ಅಂಗಡಿಯ ಅಜ್ಜ ನೋಡಿದವರೇ, “ಸೀಟ ಏರಸ್ರೋ, ಅದೇನ ಕೂಸಿನ ಸೈಕಲ್ ಏನು?” ಅಂದರು. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರ. ಅಷ್ಟೇ ಮಾಡಿದ್ದು, ನೋವು ವಾರದಲ್ಲಿ ಹೋಯಿತು. ನಮ್ಮೂರಲ್ಲಿ ಅರ್ಧಕ್ಕರ್ಧ ಸೈಕಲ್ಲಿನ ಸೀಟು ತಗ್ಗಿನಲ್ಲೇ ಇದೆ. ಸೈಕಲ್ ತುಳಿದರೆ ಮೊಣಕಾಲು ಸವೆಯುತ್ತದೆ ಎಂಬ ಮಾತು ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು.

ದೊಡ್ಡ ಪಾಠ ಕಲಿಸಿದ್ದು ಆಷಾಢದ ಗಾಳಿ. ನಮ್ಮ ಕಡೆ ಆ ತಿಂಗಳು ಪಡುವಣದಿಂದ ಬೀಸುವ ಗಾಳಿ ಗೊತ್ತಲ್ಲ, ಕೊಡೆ ಕಿತ್ತುಕೊಂಡು ಹೋಗುತ್ತದೆ. ಅದಕ್ಕೆ ಎದುರಾಗಿ ಸೈಕಲ್ ತುಳಿಯುವುದು ಅಂದರೆ ಸಪಾಟು ನೆಲದಲ್ಲೇ ಬೆಟ್ಟ ಹತ್ತಿದ ಹಾಗೆ. ಒಬ್ಬನಂತೂ ಒಂದು ದಿನ ಇಳಿದು ತಳ್ಳಿಕೊಂಡು ಬಂದ. ಆಗ ಫೋನಿನಲ್ಲಿ ನೋಡಿದ್ದು ನೆನಪಾಯಿತು. ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ಹೋದೆವು, ಚಕ್ರಕ್ಕೂ ಚಕ್ರಕ್ಕೂ ಎರಡು ಮೊಳ ಬಿಟ್ಟು. ಮುಂದಿದ್ದವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಶಕ್ತಿ ಉಳಿಯುತ್ತದೆ. ಎರಡು ನಿಮಿಷಕ್ಕೆ ಮುಂದಿನವನು ಪಕ್ಕಕ್ಕೆ ಸರಿದು ಹಿಂದೆ ಬರುತ್ತಾನೆ, ಎರಡನೆಯವನು ಮುಂದಾಳು.

ಮೊದಲ ಸಲ ನೋಡಿದಾಗ ತಿಳಿಯದೆ ಇದ್ದ ಗುಂಪಿನ ಗುಟ್ಟು ಇದೇ. ಇದು ನಮ್ಮ ಮುಯ್ಯಿ ಪದ್ಧತಿ, ಮತ್ತೇನೂ ಅಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಟೂರ್‌ನಲ್ಲಿ ಒಂದು ತಂಡಕ್ಕೆ ಎಂಟು ಜನ. ಒಬ್ಬ ನಾಯಕ, ಉಳಿದವರಲ್ಲಿ ಹೆಚ್ಚಿನವರು ಅವನಿಗಾಗಿ ಗಾಳಿಗೆ ಎದೆ ಕೊಡುವವರು, ಹಿಂದಿನ ಕಾರಿನಿಂದ ನೀರಿನ ಬಾಟಲಿ ಹೊತ್ತು ತರುವವರು. ನಾಯಕನ ಚಕ್ರ ಪಂಕ್ಚರ್ ಆದರೆ ತಮ್ಮದನ್ನೇ ಬಿಚ್ಚಿ ಕೊಡುವುದೂ ಉಂಟು. ಫ್ರೆಂಚಿನಲ್ಲಿ ಅವರಿಗೆ ಇರುವ ಹೆಸರಿನ ಅರ್ಥವೇ ಮನೆಯಾಳು ಅಂತ. ಅಂಥವನೊಬ್ಬ ಮೂರು ವಾರ ಆಳಾಗಿ ದುಡಿದು ಒಂದು ದಿನ ತಾನೇ ಗೆದ್ದರೆ, ನಾವು ಕೂಗುವ ಕೂಗಿಗೆ ಪಕ್ಕದ ಮನೆಯವರು ಎದ್ದು ಬರುತ್ತಾರೆ.

ಒಂದು ಕತೆ ಹೇಳದೆ ಮುಂದೆ ಹೋಗಲಾರೆವು. 1913ರಲ್ಲಿ ಯೂಜೆನ್ ಕ್ರಿಸ್ತಾಫ್ ಎಂಬಾತ ಪಿರನೀಸ್ ಬೆಟ್ಟಸಾಲಿನ ತುರ್ಮಲೆ ಘಾಟಿ ಇಳಿಯುವಾಗ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಬೇರೆಯವರಿಂದ ಸಹಾಯ ಪಡೆಯಬಾರದು ಎಂಬುದು ಆಗಿನ ನಿಯಮ. ಸೈಕಲ್ ಹೆಗಲ ಮೇಲೆ ಹೊತ್ತು ಹತ್ತು ಕಿ.ಮೀ.ಗೂ ಹೆಚ್ಚು ನಡೆದು ಸಾಂತ್ ಮರಿ ದ ಕಾಂಪಾನ್ ಎಂಬ ಹಳ್ಳಿ ಮುಟ್ಟಿ, ಕಮ್ಮಾರನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕ್ ಕೂಡಿಸಿದ. ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಎರಡೂ ಕೈ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತಿದಿ ಒತ್ತಿಕೊಟ್ಟ. ಅಷ್ಟಕ್ಕೇ ದಂಡ ಹಾಕಿ ಅವನ ಲೆಕ್ಕಕ್ಕೆ ಒಂದಷ್ಟು ನಿಮಿಷ ಸೇರಿಸಿದರು! ಗಂಟೆಗಟ್ಟಲೆ ಹಿಂದೆ ಬಿದ್ದರೂ ಆತ ಬಿಡಲಿಲ್ಲ, ಪ್ಯಾರಿಸ್‌ವರೆಗೆ ತುಳಿದು ಏಳನೆಯವನಾಗಿ ಮುಗಿಸಿದ. 1919ರಲ್ಲಿ ಹಳದಿ ಅಂಗಿ ಬಂದಾಗ ಅದನ್ನು ಮೊದಲು ತೊಟ್ಟವನೂ ಅವನೇ. ಆ ವರ್ಷವೂ ಅವನ ಫೋರ್ಕ್ ಮುರಿಯಿತು ಅನ್ನುವುದು ಬೇರೆ ಮಾತು. ಈ ಕತೆಯನ್ನು ನಮ್ಮೂರ ಬಡಿಗೇರ ಕಾಕಾಗೆ ಹೇಳಿದೆವು. ಎಲ್ಲ ಕೇಳಿ, “ಆ ಹುಡುಗನ ಹೆಸರೇನು?” ಅಂದರು. ನಮಗೆ ಉತ್ತರ ಗೊತ್ತಿರಲಿಲ್ಲ.

ಈ ಆಟದಲ್ಲಿ ಎಲ್ಲವೂ ಚಂದ ಇದೆ ಅಂತ ನಾವು ಹೇಳುವುದಿಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಏಳು ಸಲ ಗೆದ್ದದ್ದನ್ನು ಮದ್ದು ತೆಗೆದುಕೊಂಡದ್ದಕ್ಕೆ 2012ರಲ್ಲಿ ಕಿತ್ತುಕೊಂಡರು. ಆ ಏಳು ವರ್ಷದ ಪಟ್ಟಿಯಲ್ಲಿ ಗೆದ್ದವರ ಜಾಗ ಇವತ್ತಿಗೂ ಖಾಲಿ. ಸಾವೂ ಇದೆ. 2003ರಲ್ಲಿ ಆಂದ್ರೇ ಕಿವಿಲೆವ್ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ ವೃತ್ತಿ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಅಲ್ಲಿಯವರೆಗೆ ಬೇಡ ಅನ್ನುತ್ತಿದ್ದವರು ಆಟಗಾರರೇ.

ಆದರೆ ಅವರು ಓಡುವಾಗ ರಸ್ತೆ ಮುಚ್ಚಿರುತ್ತದೆ. ನಮಗೆ? ಬಂದೇ ಬಿಟ್ಟೆವು ಅಸಲು ಮಾತಿಗೆ.

ಹೋದ ಹಂಗಾಮಿನಲ್ಲಿ, ಡಿಸೆಂಬರಿನ ಒಂದು ನಸುಕಿನಲ್ಲಿ, ನಮ್ಮಲ್ಲೊಬ್ಬ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ರಸ್ತೆಯಿಂದ ಕೆಳಗೆ ಬಿದ್ದ. ಟ್ರ್ಯಾಕ್ಟರ್ ದಾಟಿತು, ಮೊದಲ ಟ್ರೇಲರ್ ದಾಟಿತು. ಹಿಂದೆ ಇನ್ನೊಂದು ಟ್ರೇಲರ್ ಇದೆ ಅಂತ ಅವನಿಗೆ ಕಾಣಲಿಲ್ಲ. ಅದಕ್ಕೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ, ಕಬ್ಬು ಎರಡೂ ಬದಿ ಮೊಳದುದ್ದ ಚಾಚಿತ್ತು. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಆ ಡ್ರೈವರನ ಮೇಲೆ ನಮಗೆ ಸಿಟ್ಟಿಲ್ಲ. ಕಾರ್ಖಾನೆ ಮುಂದೆ ರಾತ್ರಿಯಿಡೀ ಸರತಿಯಲ್ಲಿ ನಿಂತು, ನಿದ್ದೆಗೆಟ್ಟು, ಹಾಡು ಜೋರಾಗಿ ಹಚ್ಚಿಕೊಂಡು ಎಚ್ಚರ ಇರುವ ಹುಡುಗ ಅವನು. ನಮ್ಮ ನಿಮ್ಮ ಮನೆಯವನೇ. ಸಿಟ್ಟು ಇರುವುದು ರಸ್ತೆಯ ಅಂಚಿನ ಮೇಲೆ. ಡಾಂಬರು ಮುಗಿದಲ್ಲಿ ಗೇಣುದ್ದದ ಇಳುಕಲು, ಅದರಾಚೆ ಜಾಲಿ ಕಂಟಿ. ತಿರುವಿನಲ್ಲಿ ಎದುರಿಗೆ ಏನು ಬರುತ್ತಿದೆ ಕಾಣುವುದಿಲ್ಲ. ಸೈಕಲ್ಲಿನವನು, ನಡೆಯುವವನು, ಎತ್ತಿನ ಗಾಡಿಯವನು ಎಲ್ಲಿ ಇಳಿಯಬೇಕು?

ಇದು ನಮ್ಮ ನಾಲ್ವರ ಹುಚ್ಚಿನ ಪ್ರಶ್ನೆ ಅಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಪಕ್ಕದೂರ ಹೈಸ್ಕೂಲಿಗೆ ಹೋಗಲು ಎಷ್ಟೋ ಹುಡುಗಿಯರಿಗೆ ದಾರಿಯಾದದ್ದು ಅದು, ನಮ್ಮ ಅಕ್ಕತಂಗಿಯರೇ ಸಾಕ್ಷಿ. ಕೊರೊನಾ ಕಾಲದಲ್ಲಿ ಹಂಚಿಕೆ ನಿಂತಿತು. ಈಗ ನಮ್ಮೂರಿನ ಹುಡುಗಿಯರು ಬಸ್ಸು ತಪ್ಪಿದರೆ ಯಾರದೋ ಟಂಟಂ ಕಾಯುತ್ತಾರೆ, ಇಲ್ಲವೇ ಮನೆಯಲ್ಲೇ ಉಳಿಯುತ್ತಾರೆ. ಅಣ್ಣನ ಹಳೇ ಸೈಕಲ್ ಇದ್ದರೂ, “ಆ ರಸ್ತೆಯಾಗ ಹೆಂಗ ಕಳಸೂದು?” ಅನ್ನುತ್ತಾರೆ ಅವ್ವಂದಿರು. ಅವರ ಭಯ ಸುಳ್ಳಲ್ಲ. ಅತ್ತ 2024ರ ಮಹಿಳೆಯರ ಟೂರ್‌ನಲ್ಲಿ ಎಂಟು ಓಟ ಮುಗಿದ ಮೇಲೆ ಪೋಲೆಂಡಿನ ಕಾಶಾ ನಿಯೆವಿಯಾದೋಮಾ ಕೇವಲ 4 ಸೆಕೆಂಡಿನಿಂದ ಗೆದ್ದದ್ದನ್ನು ನಾವು ನೋಡಿದ್ದು ನಮ್ಮ ತಂಗಿಯರ ಜೊತೆ ಕೂತು. ಅವರಲ್ಲೊಬ್ಬಳು ಮರುದಿನ ಸೈಕಲ್ ಕೇಳಿದಳು. ಊರೊಳಗೆ ಮಾತ್ರ ಅಂತ ಒಪ್ಪಿಗೆ ಸಿಕ್ಕಿದೆ.

ಹಾಗಾಗಿ ಚಹಾದಂಗಡಿಯ ಕಾಕಾಂದಿರೇ, ಪೆಟ್ರೋಲಿಗೆ ರೊಕ್ಕ ಇದೆ. ನೀವೂ ಬಾರಿನ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವರೇ, ಇದೇ ಸೈಕಲ್ಲಿನ ಮೇಲೆ ಹಾಲಿನ ಕ್ಯಾನ್ ಹೊತ್ತು ಮನೆ ಕಟ್ಟಿದವರೇ. ಸೈಕಲ್ ಯಾವಾಗ ನಗುವ ವಸ್ತುವಾಯಿತು, ನೀವೇ ಹೇಳಬೇಕು. ರಸ್ತೆಯಲ್ಲಿ ಸೈಕಲ್ಲು ಕಾಣದೆ ಹೋದರೆ ರಸ್ತೆ ಮಾಡುವವರು ಸೈಕಲ್ಲಿನವನ ಲೆಕ್ಕ ಇಡುವುದಿಲ್ಲ ಅನ್ನುವುದು ನಮ್ಮ ಅನುಮಾನ.

ಹೋದ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದೇವೆ. ಹೈಸ್ಕೂಲ್ ರಸ್ತೆಯ ಮೂರು ತಿರುವಿನಲ್ಲಿ ಜಾಲಿ ಕಡಿಯಬೇಕು, ಡಾಂಬರಿನ ಅಂಚಿಗೆ ಗರಸು ಹಾಕಿ ಸಮ ಮಾಡಬೇಕು. ಜಾಲಿ ಕಡಿಸುತ್ತೇವೆ ಅಂದಿದ್ದಾರೆ, ಗರಸಿನ ಮಾತಿಗೆ ರಸ್ತೆ ನಮ್ಮದಲ್ಲ, ಮೇಲಿನವರದು ಅಂದಿದ್ದಾರೆ. ಮೇಲಿನವರಿಗೂ ಬರೆದಿದ್ದೇವೆ. ಅಲ್ಲಿಯವರೆಗೆ ಕೆಂಪು ರಿಫ್ಲೆಕ್ಟರ್ ಸ್ಟಿಕರಿನ ಸುರುಳಿ ತಂದು ಊರಿನ ಕಬ್ಬಿನ ಟ್ರೇಲರುಗಳ ಹಿಂಬದಿಗೆ ನಾವೇ ಅಂಟಿಸುತ್ತಿದ್ದೇವೆ. ಹನ್ನೊಂದು ಆಗಿವೆ. ನಿಮ್ಮ ಮನೆಯಲ್ಲಿ ಟ್ರೇಲರ್ ಇದ್ದರೆ ಹೇಳಿ ಕಳಿಸಿ, ಭಾನುವಾರ ಬೆಳಿಗ್ಗೆ ಬರುತ್ತೇವೆ, ಸೈಕಲ್ ಮೇಲೆ.