ಜೋಮು ತಾನಾಗೇ ಹೋಯ್ತು ಅಂತ ಸುಮ್ಮನಿರಬಹುದೇ?

ಬಟ್ಟೆ ಅಂಗಡಿಯಲ್ಲಿ ದುಡಿಯುವ ಮೂವತ್ತರ ಹೆಣ್ಣುಮಗಳು ಅಂತಿಟ್ಟುಕೊಳ್ಳಿ. ಕಾಲು ಜೋಮು ಹಿಡಿಯಿತು. ‘ದಿನವಿಡೀ ನಿಂತಿರ್ತೀಯಲ್ಲ, ಅದಕ್ಕೇ’ ಅಂದರು ಪಕ್ಕದವರು. ಎಣ್ಣೆ ತಿಕ್ಕಿದ್ದಾಯಿತು. ಮೂರು ವಾರಕ್ಕೆ ಹೋಯಿತು, ಕೀರ್ತಿಯೆಲ್ಲ ಎಣ್ಣೆಗೆ! ಆರು ತಿಂಗಳ ಮೇಲೆ ಒಂದು ಕಣ್ಣು ಮಂಜಾಯಿತು, ಗುಡ್ಡೆ ಹೊರಳಿಸಿದರೆ ನೋವು. ಕನ್ನಡಕದ ಅಂಗಡಿಯಲ್ಲಿ ನಂಬರು ಬದಲಾಯಿಸಿಕೊಟ್ಟರು. ಅದೂ ಹೋಯಿತು. ಈ ಸಲ ಹರಕೆ ಸಂದಾಯ.

ಜೋಮು ಹಿಡಿದವರೆಲ್ಲ ಗಾಬರಿಯಾಗಬೇಕಿಲ್ಲ. ಬಹುಪಾಲು ಸಕ್ಕರೆ ಕಾಯಿಲೆ, ಬಿ-12 ಕೊರತೆ, ಕತ್ತಿನ ಮೂಳೆ ಸವೆತ ಇಂಥವೇ ಕಾರಣ. ಆದರೆ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ ಒಮ್ಮೆ ಕಾಲು, ಇನ್ನೊಮ್ಮೆ ಕಣ್ಣು ಕೈಕೊಟ್ಟು ಮತ್ತೆ ಸರಿಹೋಗುತ್ತಿದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವನ್ನೂ ಅನುಮಾನಿಸಬೇಕು. ದೇಹ ಕಾಯಬೇಕಾದ ರಕ್ಷಣಾ ಶಕ್ತಿಯೇ ಮೆದುಳು, ಬೆನ್ನುಹುರಿಗಳ ನರದ ಹೊದಿಕೆಯನ್ನು ಕೆಡಿಸುತ್ತದೆ, ಕರೆಂಟು ವೈರಿನ ರಬ್ಬರು ಕಿತ್ತ ಹಾಗೆ. ಹೆಂಗಸರಲ್ಲೇ ಹೆಚ್ಚು. ಫ್ರಾನ್ಸಿನ ವೈದ್ಯ ಶಾರ್ಕೋ 1868ರಲ್ಲೇ ಇದನ್ನು ವಿವರಿಸಿದ್ದ.

ಮೋಸವಿರುವುದು ಆ ‘ವಾಸಿ’ಯಲ್ಲೇ. ಹೊದಿಕೆ ಅಷ್ಟಿಷ್ಟು ರಿಪೇರಿಯಾಗುತ್ತದೆ, ಗಾಯದ ಕಲೆ ಒಳಗೇ ಉಳಿಯುತ್ತದೆ. ತಲೆ ಬಗ್ಗಿಸಿದಾಗ ಬೆನ್ನಲ್ಲಿ ಶಾಕ್ ಹೊಡೆದಂತಾಗುವುದು, ಬಿಸಿನೀರು ಹೊಯ್ದುಕೊಂಡಾಗ ಕಣ್ಣು ಮಂಜಾಗುವುದು ಕೂಡ ಸುಳಿವುಗಳೇ. ಕೆಲವರು ನಡೆಯುವಾಗ ತೂರಾಡುತ್ತಾರೆ. ಕುಡಿದು ಬಂದಿದ್ದಾನೆ ಅಂತ ಕಂಡಕ್ಟರ್ ಗದರುವುದೊಂದು ಬಾಕಿ. ಜೋಮು, ಮಂಜು, ಎರಡೆರಡು ಕಾಣುವುದು ಒಂದು ದಿನ ದಾಟಿದರೆ ತಾರೀಖು ಹಾಕಿ ಬರೆದಿಡಬೇಕು. ಸಾಲದ ಲೆಕ್ಕ ಬರೆಯುವವರಿಗೆ ಇದೇನು ಕಷ್ಟ? ಕಣ್ಣು ದಿಢೀರನೆ ಮಂಜಾದರೆ ಹೋಗಬೇಕಾದದ್ದು ಕಣ್ಣಿನ ಡಾಕ್ಟರ ಬಳಿಗೆ, ಕನ್ನಡಕದ ಅಂಗಡಿಗಲ್ಲ.

ಬರೀ ರಕ್ತಪರೀಕ್ಷೆಯಿಂದ ಈ ರೋಗ ತೀರ್ಮಾನವಾಗದು. ನರರೋಗ ತಜ್ಞರ ತಪಾಸಣೆ, ಎಂ.ಆರ್.ಐ. ಸ್ಕ್ಯಾನ್, ಕೆಲವೊಮ್ಮೆ ಬೆನ್ನುಹುರಿ ನೀರಿನ ಪರೀಕ್ಷೆ ಬೇಕು. ಪೂರ್ತಿ ಗುಣಪಡಿಸುವ ಔಷಧಿ ಇಲ್ಲ, ಆದರೆ ಮತ್ತೆ ಮತ್ತೆ ಬೀಳುವ ಪೆಟ್ಟನ್ನು ತಗ್ಗಿಸುವ ಔಷಧಿಗಳಿವೆ. ಬೇಗ ಶುರುಮಾಡಿದಷ್ಟೂ ಲಾಭ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಈ ರೋಗದ ಹೆಸರಿದೆ. ಕಾಗದದ ಮೇಲೆ ಸರಿ. ಆದರೆ ರೋಗ ಯಾವುದೆಂದು ಹೇಳುವ ತಜ್ಞರು ದೊಡ್ಡ ಊರುಗಳಲ್ಲೇ ಕೂತರೆ ದಿನಗೂಲಿಯವರು ಏನು ಮಾಡಬೇಕು? ತಜ್ಞರಿಲ್ಲದ ಜಿಲ್ಲಾ ಆಸ್ಪತ್ರೆಗಳಿಗೆ ವಾರಕ್ಕೊಂದು ದಿನವಾದರೂ ಅವರನ್ನು ಕಳಿಸುವುದು ಸರ್ಕಾರಕ್ಕೆ ಆಗದ ಕೆಲಸವೇನಲ್ಲ. ಅಲ್ಲಿಯತನಕ ನಿಮ್ಹಾನ್ಸ್‌ಗೆಂದು ಬೆಂಗಳೂರು ಬಸ್ಸು ಹತ್ತುವವರು ಹಳೇ ಚೀಟಿ, ಸ್ಕ್ಯಾನಿನ ಫಿಲ್ಮು, ತಾರೀಖು ಬರೆದ ಆ ಹಾಳೆ ಮೂರನ್ನೂ ಕೈಚೀಲದಲ್ಲಿಟ್ಟುಕೊಳ್ಳಲಿ.